ನಿದ್ದೆಯ ಹಕ್ಕು ಮತ್ತು ನಮ್ಮ ರಾತ್ರಿಗಳು

ಇಂದು ಬೆಳಿಗ್ಗೆ ನೀವು ಹೇಗೆ ಎದ್ದಿರಿ? ಫಜ್ರ್‌ನ ಬಾಂಗ್ ಕಿವಿಗೆ ಬಿದ್ದಾಗ ಮೈಮನಗಳು ಹಗುರಾಗಿದ್ದವೇ? ಅಥವಾ ಕಂಬಳಿಯೊಳಗಿನಿಂದಲೇ ಕೈ ಚಾಚಿ ಅಲಾರಂ ನಿಲ್ಲಿಸಿ, ಇನ್ನೈದು ನಿಮಿಷ ಎಂದುಕೊಂಡು, ಕಣ್ಣು ಬಿಟ್ಟಾಗ ಬಿಸಿಲು ಅಂಗಳಕ್ಕೆ ಬಂದಿತ್ತೇ? ಮೂಡಿಗೆರೆ, ಕಳಸದ ಕಡೆಯ ಚಳಿಯನ್ನೂ ಮಂಜನ್ನೂ ನಾವು ಇದಕ್ಕೆ ಕಾರಣವಾಗಿ ಹೇಳುವುದುಂಟು. ಚಳಿಯದ್ದು ಅಲ್ಪ ಪಾಲು. ದೊಡ್ಡ ಪಾಲು ಹಿಂದಿನ ರಾತ್ರಿಯದು.

ನಮ್ಮಲ್ಲಿ ಅನೇಕರ ಮನಸ್ಸಿನಲ್ಲಿ ಒಂದು ತಪ್ಪು ಕಲ್ಪನೆ ಬೇರೂರಿದೆ. ಕಡಿಮೆ ನಿದ್ರಿಸುವವನು ಶ್ರಮಜೀವಿ, ಧರ್ಮನಿಷ್ಠ. ಹೆಚ್ಚು ನಿದ್ರಿಸುವವನು ಸೋಮಾರಿ. ನಾಲ್ಕೇ ಗಂಟೆ ಮಲಗುತ್ತೇನೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರನ್ನು ನೀವೂ ಕಂಡಿರಬಹುದು. ಆದರೆ ಪವಿತ್ರ ಕುರ್‌ಆನ್ ನಿದ್ದೆಯನ್ನು ಮನುಷ್ಯನ ದೌರ್ಬಲ್ಯವೆಂದು ಹೀಗಳೆಯುವುದಿಲ್ಲ. ಸೂರಃ ಅನ್ನಬಅ್‌ನಲ್ಲಿ ಅಲ್ಲಾಹನು ಭೂಮಿ, ಪರ್ವತಗಳು ಮತ್ತು ದಾಂಪತ್ಯವನ್ನು ಪ್ರಸ್ತಾಪಿಸಿದ ಬೆನ್ನಿಗೇ, ನಿದ್ದೆಯನ್ನು ವಿಶ್ರಾಂತಿಯ ಸಾಧನವಾಗಿ ಮಾಡಿದ ತನ್ನ ಅನುಗ್ರಹವನ್ನು ನೆನಪಿಸುತ್ತಾನೆ. ಸೂರಃ ಅರ್ರೂಮ್‌ನಲ್ಲಿ ರಾತ್ರಿಯ ಮತ್ತು ಹಗಲಿನ ನಿದ್ದೆಯನ್ನು ಅವನ ದೃಷ್ಟಾಂತಗಳ ಸಾಲಿನಲ್ಲಿ ಎಣಿಸಲಾಗಿದೆ. ದೃಷ್ಟಾಂತವನ್ನು ಹೀಗಳೆಯುವುದು ವಿಶ್ವಾಸಿಗೆ ಸಲ್ಲದು.

ಹಾಗಾದರೆ ವಯಸ್ಕನೊಬ್ಬನಿಗೆ ಎಷ್ಟು ನಿದ್ದೆ ಬೇಕು? ವೈದ್ಯಶಾಸ್ತ್ರ ಈ ಬಗ್ಗೆ ಸಾಕಷ್ಟು ಸ್ಪಷ್ಟವಾಗಿ ಮಾತಾಡಿದೆ. ಅಮೆರಿಕದ ನಿದ್ರಾವೈದ್ಯರ ಸಂಸ್ಥೆಗಳು ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ 2015ರಲ್ಲಿ ಕೊಟ್ಟ ಸಲಹೆಯ ಪ್ರಕಾರ, 18ರಿಂದ 60 ವರ್ಷದವರು ದಿನಕ್ಕೆ ಏಳು ಗಂಟೆ ಅಥವಾ ಅದಕ್ಕಿಂತ ಹೆಚ್ಚು ನಿದ್ರಿಸಬೇಕು. ಕೆಲವರಿಗೆ ಏಳು ಸಾಕು, ಕೆಲವರಿಗೆ ಎಂಟೂವರೆ ಬೇಕು. ವಯಸ್ಸಾದವರಿಗೆ ನಿದ್ದೆಯ ಅಗತ್ಯವೇ ಇಲ್ಲ ಎಂಬ ಮಾತು ಸರಿಯಲ್ಲ. ಅವರಿಗೂ ಏಳೆಂಟು ಗಂಟೆ ಬೇಕು. ನಿದ್ದೆ ತುಂಡು ತುಂಡಾಗಿ ಬರುತ್ತದೆ, ಅಷ್ಟೇ. ಹದಿಹರೆಯದ ಮಕ್ಕಳಿಗಂತೂ ಎಂಟರಿಂದ ಹತ್ತು ಗಂಟೆ ಬೇಕು. ಮದ್ರಸದಲ್ಲಿ ತೂಕಡಿಸುವ ಹುಡುಗನಿಗೆ ಬೆತ್ತ ತೋರಿಸುವ ಮೊದಲು ಅವನ ಮನೆಯ ದೀಪ ಎಷ್ಟು ಗಂಟೆಗೆ ಆರುತ್ತದೆಂದು ವಿಚಾರಿಸುವುದು ಲೇಸು.

ನನಗೆ ಅಭ್ಯಾಸವಾಗಿ ಹೋಗಿದೆ, ಐದಾರು ಗಂಟೆಯಲ್ಲೇ ಸುಧಾರಿಸಿಕೊಳ್ಳುತ್ತೇನೆ ಎನ್ನುವವರಿಗೆ ಒಂದು ವಿಷಯ ತಿಳಿದಿರಲಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಆರೋಗ್ಯವಂತ ವಯಸ್ಕರನ್ನು ಎರಡು ವಾರ ಕಾಲ ದಿನಕ್ಕೆ ಆರು ಗಂಟೆ ಅಥವಾ ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟರು. ಎರಡು ವಾರ ಮುಗಿಯುವಾಗ ಅವರ ಗಮನಶಕ್ತಿ ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಇಳಿದಿತ್ತು. ಆದರೆ ತಮಗೆ ಅಷ್ಟೇನೂ ನಿದ್ದೆ ಬರುತ್ತಿಲ್ಲ, ಸ್ವಲ್ಪ ಮಂಪರು ಮಾತ್ರ ಎಂದೇ ಅವರು ಹೇಳುತ್ತಿದ್ದರು. ಗಮನಿಸಬೇಕಾದದ್ದು ಇದನ್ನೇ. ನಿದ್ದೆಗೆಟ್ಟವನು ಎಲ್ಲಕ್ಕಿಂತ ಮೊದಲು ಕಳೆದುಕೊಳ್ಳುವುದು ತಾನು ನಿದ್ದೆಗೆಟ್ಟಿದ್ದೇನೆಂಬ ಅರಿವನ್ನು. ಅವನ ಸಾಕ್ಷ್ಯವನ್ನು ನಂಬುವಂತಿಲ್ಲ.

ಗಲ್ಫ್‌ನಿಂದ ಬರುವ ಬಂಧುವನ್ನು ಕರೆತರಲು ಮಧ್ಯರಾತ್ರಿ ಜೀಪು ಹತ್ತಿ, ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಘಾಟಿ ಇಳಿಯುವ ಯುವಕರು ಇದನ್ನು ನೆನಪಿಟ್ಟುಕೊಳ್ಳಬೇಕು. ಹಗಲಿಡೀ ತೋಟದಲ್ಲೋ ಅಂಗಡಿಯಲ್ಲೋ ದುಡಿದ ದೇಹ ಅದು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವ ವಾಹನ ಮೂರು ಸೆಕೆಂಡಿನಲ್ಲಿ 33 ಮೀಟರ್ ಸಾಗುತ್ತದೆ. ತೂಕಡಿಕೆಗೆ ಮೂರು ಸೆಕೆಂಡು ಸಾಕು, ಘಾಟಿಯ ತಿರುವಿಗೆ 33 ಮೀಟರ್ ಬೇಕಾಗಿಲ್ಲ. ಗಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿ. ವಿಮಾನದಲ್ಲಿ ಬಂದವರು ಅಷ್ಟು ಹೊತ್ತು ಕಾಯಬಲ್ಲರು.

ಪ್ರವಾದಿವರ್ಯರ(ಸ) ಕಾಲದಲ್ಲೂ ಆರಾಧನೆಯ ಹುಮ್ಮಸ್ಸಿನಲ್ಲಿ ನಿದ್ದೆಯನ್ನು ತೊರೆದವರಿದ್ದರು. ಅಬ್ದುಲ್ಲಾ ಬಿನ್ ಅಮ್ರ್(ರ) ಹಗಲು ಉಪವಾಸ, ರಾತ್ರಿಯಿಡೀ ನಮಾಝ್ ಎಂದು ನಿಶ್ಚಯಿಸಿಕೊಂಡಿದ್ದರು. ಇದನ್ನು ತಿಳಿದ ಪ್ರವಾದಿ(ಸ) ಅವರನ್ನು ತಡೆದು, ದೇಹಕ್ಕೂ ಕಣ್ಣಿಗೂ ಪತ್ನಿಗೂ ಅವರ ಮೇಲೆ ಹಕ್ಕಿದೆಯೆಂದು ತಿಳಿಸಿಕೊಟ್ಟರು (ಬುಖಾರಿ). ಹಕ್ಕು ಎಂಬ ಪದವನ್ನು ಗಮನಿಸಿ. ಸಾಲಗಾರನಿಗೆ ನಮ್ಮ ಮೇಲೆ ಹಕ್ಕಿರುವಂತೆ, ನೆರೆಯವನಿಗೆ ಹಕ್ಕಿರುವಂತೆ, ಕಣ್ಣಿಗೂ ಹಕ್ಕಿದೆ. ಮಸೀದಿಯ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿರುವುದನ್ನು ಒಮ್ಮೆ ಪ್ರವಾದಿ(ಸ) ಕಂಡರು. ನಮಾಝ್‌ನಲ್ಲಿ ದಣಿದಾಗ ಹಿಡಿದು ನಿಲ್ಲಲು ಝೈನಬ್‌ರು(ರ) ಕಟ್ಟಿದ್ದ ಹಗ್ಗವದು. ಅದನ್ನು ಬಿಚ್ಚಿಸಿ, ಉತ್ಸಾಹವಿರುವಷ್ಟು ಹೊತ್ತು ನಮಾಝ್ ಮಾಡಬೇಕು, ದಣಿದರೆ ಕುಳಿತುಕೊಳ್ಳಬೇಕು ಎಂದು ಹೇಳಿದರು. ನಮಾಝ್‌ನಲ್ಲಿ ತೂಕಡಿಕೆ ಬಂದರೆ ಹೋಗಿ ಮಲಗುವಂತೆ ಹೇಳಿದ ಹದೀಸನ್ನು ಆಯಿಶಾ(ರ) ವರದಿ ಮಾಡಿದ್ದಾರೆ. ನಿದ್ದೆಗಣ್ಣಿನಲ್ಲಿ ಕ್ಷಮೆ ಬೇಡಲು ಹೋಗಿ ತನ್ನನ್ನೇ ಶಪಿಸಿಕೊಳ್ಳುವ ಸಂಭವವಿದೆ ಎಂಬುದು ಅದಕ್ಕೆ ಕೊಟ್ಟ ಕಾರಣ.

ಸಲ್ಮಾನ್(ರ) ಮತ್ತು ಅಬೂ ದರ್ದಾ(ರ) ಅವರ ಘಟನೆ ಇನ್ನೂ ಹೃದಯಸ್ಪರ್ಶಿ. ಮದೀನಾದಲ್ಲಿ ಪ್ರವಾದಿ(ಸ) ಇವರಿಬ್ಬರನ್ನು ಸಹೋದರರನ್ನಾಗಿ ಮಾಡಿದ್ದರು. ಸಲ್ಮಾನ್(ರ) ಭೇಟಿಗೆ ಹೋದಾಗ ಅಬೂ ದರ್ದಾರ ಪತ್ನಿ ಅಲಂಕಾರವಿಲ್ಲದೆ, ಕಳೆಗುಂದಿದ ಬಟ್ಟೆಯಲ್ಲಿದ್ದರು. ಗಂಡನಿಗೆ ಇಹದ ಯಾವುದರಲ್ಲೂ ಆಸಕ್ತಿಯಿಲ್ಲ ಎಂದಷ್ಟೇ ಅವರು ಹೇಳಿದರು. ಆ ರಾತ್ರಿ ಅಬೂ ದರ್ದಾ(ರ) ನಮಾಝ್‌ಗೆಂದು ಎದ್ದಾಗ ಸಲ್ಮಾನ್(ರ) ಮಲಗುವಂತೆ ಹೇಳಿದರು. ಮತ್ತೆ ಎದ್ದರು, ಮತ್ತೆ ಮಲಗಿಸಿದರು. ರಾತ್ರಿಯ ಕೊನೆಯ ಭಾಗ ಬಂದಾಗ ತಾವೇ ಎಬ್ಬಿಸಿ, ಇಬ್ಬರೂ ಜೊತೆಯಾಗಿ ನಮಾಝ್ ಮಾಡಿದರು. ಪ್ರಭುವಿಗೂ ತನಗೂ ಮನೆಯವರಿಗೂ ಹಕ್ಕಿದೆ, ಪ್ರತಿಯೊಬ್ಬರ ಹಕ್ಕನ್ನೂ ಸಲ್ಲಿಸಬೇಕು ಎಂದು ಸಲ್ಮಾನ್(ರ) ತಿಳಿಹೇಳಿದರು. ವಿಷಯ ಪ್ರವಾದಿವರ್ಯರಿಗೆ(ಸ) ತಲುಪಿದಾಗ ಸಲ್ಮಾನ್ ಹೇಳಿದ್ದು ಸತ್ಯವೆಂದರು (ಬುಖಾರಿ). ಸಲ್ಮಾನ್(ರ) ತಹಜ್ಜುದ್ ನಿಲ್ಲಿಸಲಿಲ್ಲ, ಅದಕ್ಕೆ ನಿದ್ದೆಯ ತಳಪಾಯ ಹಾಕಿಕೊಟ್ಟರು. ತಪಸ್ಸಿನಂತೆ ಕಾಣುತ್ತಿದ್ದ ಆ ಜಾಗರಣೆಯ ಬೆಲೆಯನ್ನು ಮನೆಯ ಹೆಣ್ಣುಮಗಳು ತೆರುತ್ತಿದ್ದರು ಎಂಬುದನ್ನು ಮೊದಲು ಕಂಡದ್ದೂ ಅವರೇ.

ಇನ್ನು ನಮ್ಮೂರಿನ ಲೆಕ್ಕಕ್ಕೆ ಬರೋಣ. ಫಜ್ರ್‌ಗೆ ಏಳಬೇಕಾದ್ದರಿಂದ ನಿದ್ದೆ ಸಾಲುವುದಿಲ್ಲ ಎಂಬ ದೂರು ಸಾಮಾನ್ಯ. ಇದು ನಿಜವೇ? ಚಿಕ್ಕಮಗಳೂರಿನಲ್ಲಿ ಡಿಸೆಂಬರ್ ಕೊನೆಗೆ ಇಶಾದ ವೇಳೆ ಸುಮಾರು 7-20ಕ್ಕೆ, ಫಜ್ರ್‌ನ ವೇಳೆ ಸುಮಾರು 5-30ಕ್ಕೆ. ನಡುವೆ ಹತ್ತು ಗಂಟೆಗಳಿವೆ. ಜೂನ್‌ನಲ್ಲಿ, ಅಂದರೆ ವರ್ಷದ ಅತಿ ಚಿಕ್ಕ ರಾತ್ರಿಗಳಲ್ಲಿ, ಇಶಾ 8-15ರ ಸುಮಾರಿಗೆ, ಫಜ್ರ್ 4-40ರ ಸುಮಾರಿಗೆ. ಆಗಲೂ ಎಂಟು ಗಂಟೆಗಿಂತ ಹೆಚ್ಚು ಸಮಯವಿದೆ. ಇಂಗ್ಲೆಂಡಿನಲ್ಲೋ ನಾರ್ವೆಯಲ್ಲೋ ಇರುವ ಮುಸ್ಲಿಮನಿಗೆ ಬೇಸಿಗೆಯ ರಾತ್ರಿ ನಿಜಕ್ಕೂ ಕಷ್ಟ. ನಮಗೆ ಅಲ್ಲಾಹನು ಆ ಕಷ್ಟ ಕೊಟ್ಟಿಲ್ಲ. ಇಶಾಕ್ಕೆ ಮೊದಲು ಮಲಗುವುದನ್ನೂ ಇಶಾದ ನಂತರ ಹರಟೆ ಹೊಡೆಯುವುದನ್ನೂ ಪ್ರವಾದಿ(ಸ) ಇಷ್ಟಪಡುತ್ತಿರಲಿಲ್ಲ. ನಮ್ಮ ನಿದ್ದೆಯನ್ನು ಕದಿಯುತ್ತಿರುವುದು ಫಜ್ರ್ ಅಲ್ಲ, ಇಶಾದ ನಂತರ ನಾವೇ ತೆರೆದಿಟ್ಟ ಬಾಗಿಲು. ಹಿಂದೆ ಆ ಬಾಗಿಲಲ್ಲಿ ಬರುತ್ತಿದ್ದದ್ದು ಅಂಗಡಿ ಜಗಲಿಯ ಮಾತುಕತೆ, ಆಮೇಲೆ ಟಿ.ವಿ., ಈಗ ದಿಂಬಿನ ಪಕ್ಕದ ಮೊಬೈಲು.

ಪ್ರವಾದಿ ದಾವೂದ್(ಅ) ಅವರ ರಾತ್ರಿಯನ್ನು ಅಲ್ಲಾಹನಿಗೆ ಅತ್ಯಂತ ಪ್ರಿಯವಾದುದೆಂದು ಹದೀಸ್ ವರ್ಣಿಸುತ್ತದೆ. ಅರ್ಧ ರಾತ್ರಿ ನಿದ್ದೆ, ಮೂರನೇ ಒಂದು ಭಾಗ ನಮಾಝ್, ಉಳಿದ ಆರನೇ ಒಂದು ಭಾಗ ಮತ್ತೆ ನಿದ್ದೆ. ಅಂದರೆ ರಾತ್ರಿಯ ಮೂರರಲ್ಲಿ ಎರಡು ಪಾಲು ನಿದ್ದೆಗೆ. ಸೂರ್ಯಾಸ್ತದಿಂದ ಫಜ್ರ್‌ವರೆಗೆ ರಾತ್ರಿಯೆಂದು ಹಿಡಿದರೆ ನಮ್ಮಲ್ಲಿ ಡಿಸೆಂಬರ್‌ನ ರಾತ್ರಿ ಸುಮಾರು 11 ಗಂಟೆ 20 ನಿಮಿಷ, ಅದರ ಎರಡು ಪಾಲು ಏಳೂವರೆ ಗಂಟೆ. ಜೂನ್‌ನಲ್ಲಿ ಒಂಬತ್ತೂಮುಕ್ಕಾಲು ಗಂಟೆಯ ರಾತ್ರಿಗೆ ಆರೂವರೆ. ಉಳಿದ ಅರ್ಧ ಗಂಟೆಗೆ ಕೈಲೂಲ ಇದೆ, ಅಂದರೆ ಮಧ್ಯಾಹ್ನದ ಕಿರುನಿದ್ದೆ. ಸಹಾಬಿಗಳು ಜುಮುಅದ ದಿನ ನಮಾಝ್ ಮುಗಿಸಿ ಬಂದು ಊಟ ಮಾಡಿ ಕೈಲೂಲ ಮಾಡುತ್ತಿದ್ದರೆಂದು ಸಹ್ಲ್ ಬಿನ್ ಸಅದ್(ರ) ತಿಳಿಸಿದ್ದಾರೆ. ದಾವೂದರ(ಅ) ರಾತ್ರಿ ವೈದ್ಯರ ಚೀಟಿಗಾಗಿ ಬಂದದ್ದಲ್ಲ. ಅವೆರಡನ್ನೂ ತಾಳೆ ನೋಡಿ ಚಮತ್ಕಾರ ಹುಡುಕುವವರ ಸಾಲಿಗೆ ನಾನು ಸೇರುವುದಿಲ್ಲ. ಅಪಾರ ಆರಾಧನೆಗೆ ಹೆಸರಾದ ಪ್ರವಾದಿಯೊಬ್ಬರ ರಾತ್ರಿಯಲ್ಲೂ ನಿದ್ದೆಗೇ ದೊಡ್ಡ ಪಾಲಿತ್ತು ಎಂಬುದಷ್ಟೇ ಇಲ್ಲಿನ ವಿಷಯ.

ಕಾಫಿ ನಾಡಿನವರಿಗೆ ನಿದ್ದೆಯ ಮಾತಾಡುವಾಗ ಕಾಫಿಯನ್ನು ಬಿಡುವುದು ಹೇಗೆ? ಹದಿನೈದನೇ ಶತಮಾನದಲ್ಲಿ ಯಮನ್‌ನ ಸೂಫಿಗಳು ರಾತ್ರಿಯ ದಿಕ್ರ್‌ಗೆ ಎಚ್ಚರವಿರಲೆಂದು ಇದನ್ನು ಕುಡಿಯುತ್ತಿದ್ದರು. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಅವರು ಯಮನ್‌ನ ಮೋಖಾದಿಂದ ಏಳು ಬೀಜಗಳನ್ನು ತಂದು ನಮ್ಮ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಪ್ರತೀತಿಯಿದೆ. ಅಲ್ಲಾಹನ ಸ್ಮರಣೆಗೆ ಎಚ್ಚರವಿರಲು ಕುಡಿದ ಪಾನೀಯವನ್ನು ನಾವು ಯಾತಕ್ಕೆ ಎಚ್ಚರವಿರಲು ಕುಡಿಯುತ್ತಿದ್ದೇವೆ? ಕಾಫಿಯಲ್ಲಿನ ಕೆಫೀನ್ ದೇಹಕ್ಕೆ ಶಕ್ತಿ ಕೊಡುವುದಿಲ್ಲ. ದಿನವಿಡೀ ಮೆದುಳಿನಲ್ಲಿ ಸಂಗ್ರಹವಾಗುವ ಅಡೆನೊಸಿನ್ ಎಂಬ ವಸ್ತು ನಿದ್ದೆಯ ಸೂಚನೆ ಕೊಡುತ್ತದೆ. ಕೆಫೀನ್ ಆ ಸೂಚನೆ ತಲುಪದಂತೆ ತಡೆಯುತ್ತದೆ, ಅಷ್ಟೇ. ಕುಡಿದ ಕೆಫೀನ್‌ನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ರಕ್ತದಲ್ಲಿರುತ್ತದೆ. ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಅದು ಹೆಚ್ಚುಕಡಿಮೆ ಎರಡು ಪಟ್ಟು. ಆದ್ದರಿಂದ ಅಸರ್ ನಮಾಝ್‌ನ ನಂತರ ಕಾಫಿ ಬೇಡ. ನೆಂಟರು ಬಂದರೆ ಜೀರಿಗೆ ಕಷಾಯ ಕೊಡಿ, ಕಾಫಿ ಕೊಡಲಿಲ್ಲವೆಂದು ನೆಂಟಸ್ತಿಕೆ ಮುರಿಯುವುದಿಲ್ಲ.

ಇದುವರೆಗೆ ನಮ್ಮ ನಿದ್ದೆಯ ಮಾತಾಯಿತು. ಇತರರ ನಿದ್ದೆಯ ಹೊಣೆಯೂ ನಮ್ಮ ಮೇಲಿದೆ. ಕೊಯ್ಲಿನ ತಿಂಗಳುಗಳಲ್ಲಿ ಅಂದಂದು ಕೊಯ್ದ ಹಣ್ಣನ್ನು ಅಂದೇ ಪಲ್ಪಿಂಗ್ ಮಾಡಬೇಕು. ಯಂತ್ರ ರಾತ್ರಿಯವರೆಗೂ ಓಡುತ್ತದೆ. ಕಣದಲ್ಲಿ ಹರವಿದ ಕಾಫಿಗೆ ಕಳ್ಳರ ಭಯ, ಮೂಡಿಗೆರೆ ಕಡೆ ಆನೆಯ ಭಯ ಬೇರೆ. ಬೇಸಿಗೆಯಲ್ಲಿ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕುವಾಗ ಕರೆಂಟು ಬಂದ ಹೊತ್ತಿಗೆ ಎದ್ದು ಪೈಪು ಬದಲಿಸಬೇಕು. ಈ ಕೆಲಸಗಳು ಅನಿವಾರ್ಯ. ಆದರೆ ರಾತ್ರಿ ಕಾವಲು ಕಾದವನನ್ನೇ ಬೆಳಿಗ್ಗೆ ಎಂಟಕ್ಕೆ ಕೊಯ್ಲಿಗೆ ನಿಲ್ಲಿಸುವುದು ಅನಿವಾರ್ಯವಲ್ಲ. ಕೈಕೆಳಗೆ ದುಡಿಯುವವರು ನಿಮ್ಮ ಸಹೋದರರು, ಅವರ ಶಕ್ತಿಮೀರಿದ ಕೆಲಸ ಹೊರಿಸಬೇಡಿ, ಹೊರಿಸಬೇಕಾಗಿ ಬಂದರೆ ನೀವೂ ಕೈಜೋಡಿಸಿ ಎಂಬ ಆಶಯದ ಹದೀಸನ್ನು ಅಬೂ ದರ್ರ್(ರ) ವರದಿ ಮಾಡಿದ್ದಾರೆ. ತೋಟದ ಮಾಲಿಕರೂ ರೈಟರುಗಳೂ ಹಾಜರಿ ಪುಸ್ತಕ ತೆರೆಯುವಾಗ ಇದನ್ನು ನೆನೆಯಲಿ. ದೂರದ ಅಸ್ಸಾಮಿನಿಂದ ಬಂದು ಲೈನ್ ಮನೆಯಲ್ಲಿರುವ ಕಾರ್ಮಿಕ ತನ್ನ ನಿದ್ದೆಯ ಲೆಕ್ಕವನ್ನು ಯಾರ ಬಳಿ ಕೇಳಿಯಾನು? ರಾತ್ರಿ ಪಾಳಿ ಮಾಡಿ ಬಂದ ನರ್ಸ್, ಬಸ್ ಚಾಲಕ ಹಗಲು ಮಲಗಿದರೆ ಮನೆಯವರು ಕಿಟಕಿಗೆ ಪರದೆ ಎಳೆದು ಮಕ್ಕಳನ್ನು ಸುಮ್ಮನಾಗಿಸಲಿ.

ನಿಮಗೆಷ್ಟು ನಿದ್ದೆ ಬೇಕೆಂದು ತಿಳಿಯಲು ಯಂತ್ರ ಬೇಡ. ಹತ್ತು ದಿನ ಇಶಾದ ನಂತರ ಬೇಗನೆ, ಒಂದೇ ಸಮಯಕ್ಕೆ ಮಲಗಿ ನೋಡಿ. ಮೊದಲ ದಿನಗಳಲ್ಲಿ ಹಳೆಯ ಬಾಕಿ ತೀರುತ್ತದೆ. ಆಮೇಲೆ ಅಲಾರಂಗೆ ತುಸು ಮೊದಲೇ ತಾನಾಗಿ ಎಚ್ಚರವಾದರೆ, ಜುಮುಅ ಖುತ್ಬಾದಲ್ಲಿ ಗಲ್ಲ ಎದೆಗೆ ತಾಗದಿದ್ದರೆ, ನಿಮ್ಮ ಪ್ರಮಾಣ ಸಿಕ್ಕಿತೆಂದು ತಿಳಿಯಿರಿ. ಎಂಟು ಗಂಟೆ ಮಲಗಿಯೂ ದಣಿವು ಆರದಿದ್ದರೆ ಬೇರೆ ಕಾರಣವಿದೆ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವುದು, ರಕ್ತಹೀನತೆ, ಥೈರಾಯಿಡ್ ತೊಂದರೆ, ಮನಸ್ಸಿನ ಖಿನ್ನತೆ. ಇವಕ್ಕೆ ವೈದ್ಯರನ್ನು ಕಾಣಬೇಕು, ನೂಲು ಕಟ್ಟಿಸಿಕೊಂಡು ಕೂರಬಾರದು.

ಹೀಗೆಲ್ಲ ಜಾಗರೂಕರಾಗಿದ್ದೂ ಒಂದು ದಿನ ಫಜ್ರ್ ತಪ್ಪಿದರೆ ಹತಾಶರಾಗಬೇಡಿ. ಖೈಬರ್‌ನಿಂದ ಮರಳುವಾಗ ಪ್ರವಾದಿ(ಸ) ಮತ್ತು ಸಂಗಾತಿಗಳು ದಣಿದು ಮಲಗಿದರು. ಎಬ್ಬಿಸುವ ಹೊಣೆ ಬಿಲಾಲ್‌ರದಾಗಿತ್ತು(ರ). ಅವರೂ ಒಂಟೆಗೆ ಒರಗಿ ನಿದ್ದೆಹೋದರು. ಬಿಸಿಲು ತಾಗಿದಾಗಲೇ ಎಲ್ಲರಿಗೂ ಎಚ್ಚರ. ಅಲ್ಲಿಂದ ಸ್ವಲ್ಪ ಮುಂದೆ ಸಾಗಿ, ವುಝೂ ಮಾಡಿ, ಜಮಾಅತ್ ಆಗಿ ನಮಾಝ್ ನಿರ್ವಹಿಸಿದರು (ಮುಸ್ಲಿಮ್). ಆದರೆ ಅಂದು ಅವರನ್ನು ಮಲಗಿಸಿದ್ದು ರಾತ್ರಿಯ ಪ್ರಯಾಣ, ಕ್ರಿಕೆಟ್ ಪಂದ್ಯವಲ್ಲ.

ಕೊನೆಯದಾಗಿ ರಮಝಾನ್. ಈ ವರ್ಷಗಳಲ್ಲಿ ಅದು ಫೆಬ್ರವರಿ-ಮಾರ್ಚ್‌ನಲ್ಲಿ ಬರುತ್ತಿದೆ. ತರಾವೀಹ್ ಮುಗಿಸಿ ಹತ್ತು ಗಂಟೆಗೆ ಮಲಗಿ, ನಾಲ್ಕೂವರೆಗೆ ಸಹ್ರಿಗೆ ಎದ್ದರೆ ಆರೂವರೆ ಗಂಟೆ ಸಿಗುತ್ತದೆ. ಝುಹರ್ ಹೊತ್ತಿನ ಅರ್ಧ ಗಂಟೆ ಸೇರಿದರೆ ಏಳು. ಇದು ಗಂಡಸಿನ ಲೆಕ್ಕ. ಸಹ್ರಿಗೆ ಅನ್ನ ಬೇಯಿಸುವವಳು ಮೂರೂವರೆಗೇ ಏಳುತ್ತಾಳೆ, ಇಫ್ತಾರ್‌ನ ಪಾತ್ರೆ ತೊಳೆದು ಮಲಗುವಾಗ ಹನ್ನೊಂದಾಗಿರುತ್ತದೆ. ಅವಳ ಲೆಕ್ಕ ನಾಲ್ಕೂವರೆ ಗಂಟೆ, ಒಂದು ತಿಂಗಳಿಡೀ. ಇಫ್ತಾರ್‌ಗೆ ಐದು ಬಗೆಯ ಕರಿದ ತಿಂಡಿಯ ಬದಲು ಒಂದು ಸಾಕು. ಸಹ್ರಿಯ ಅಡುಗೆ ಸಂಜೆಯೇ ಆಗಿರಲಿ, ಬೆಳಗಿನ ಜಾವ ಬಿಸಿ ಮಾಡುವ ಕೆಲಸವನ್ನು ಗಂಡುಮಕ್ಕಳು ಸರದಿಯಲ್ಲಿ ವಹಿಸಿಕೊಳ್ಳಲಿ. ತರಾವೀಹ್‌ನಿಂದ ಮರಳಿದ ಮೇಲೆ ಪಾತ್ರೆಗಳ ಮುಂದೆ ಹತ್ತು ನಿಮಿಷ ನಿಲ್ಲಲು ನಾಲ್ಕು ಜೋಡಿ ಕೈಗಳು ಸೇರಿದರೆ, ಆಕೆಯೂ ಹತ್ತು ಗಂಟೆಗೇ ಮಲಗಬಲ್ಲಳು.