ಕೆನಡಾಗೆ ಸ್ಪಾನ್ಸರ್ ಅರ್ಜಿ ಹಾಕಿಯಾಯಿತು, ಮುಂದೇನು?

ಮದುವೆ ಮುಗಿಸಿ ಗಂಡನೋ ಹೆಂಡತಿಯೋ ಟೊರಾಂಟೊಗೆ ಮರಳಿದ ಮೇಲೆ ಬೆಂಗಳೂರಿನ ಪುಲಿಕೇಶಿನಗರದ ಮನೆಯಲ್ಲಿ ಉಳಿದವರಿಗೆ ‘ವೀಸಾ ಬಂತಾ?’ ಎಂದು ಕೇಳುವವರೇ ಎಲ್ಲರೂ. ಅರ್ಜಿ ಕಳಿಸಿದ ಮೇಲೆ ಮಾಡುವುದೇನೂ ಇಲ್ಲ ಎಂದುಕೊಂಡು ಕೈಕಟ್ಟಿ ಕೂತವರೇ ಮುಂದೆ ಹೆಚ್ಚು ಪೇಚಾಡುತ್ತಾರೆ. ಕಾಯುವ ತಿಂಗಳುಗಳಲ್ಲಿ ಮಾಡಬೇಕಾದ ಕೆಲಸ ಬೇಕಾದಷ್ಟಿದೆ.

ಮೊದಲು ಮದುವೆಯ ದಾಖಲೆ ನೋಡಿ. ಮಾಸ್ಕ್ ರಸ್ತೆಯ ಮನೆಗಳಲ್ಲಿ ಉರ್ದು ನಿಕಾಹ್‌ನಾಮಾ ಇರುತ್ತದೆ, ಕೋಲ್ಸ್ ರಸ್ತೆ ಕಡೆ ಚರ್ಚಿನ ಪ್ರಮಾಣಪತ್ರ, ಇನ್ನು ಕೆಲವರ ಬಳಿ ಕನ್ನಡ, ತಮಿಳು ಲಗ್ನಪತ್ರಿಕೆ ಮಾತ್ರ. ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರ ಇಲ್ಲದಿದ್ದರೆ ಈಗಲೇ ಮಾಡಿಸಿಕೊಳ್ಳಿ. ಹಿಂದೂ ವಿವಾಹಗಳಿಗೆ 2024ರಿಂದ ಕಾವೇರಿ ತಂತ್ರಾಂಶದಲ್ಲಿ ಆನ್‌ಲೈನ್ ನೋಂದಣಿಯೂ ಇದೆ. ಇಂಗ್ಲಿಷ್ ಅಥವಾ ಫ್ರೆಂಚ್‌ನಲ್ಲಿಲ್ಲದ ಪ್ರತಿ ಕಾಗದಕ್ಕೂ ಅನುವಾದ ಬೇಕು, ಅನುವಾದಕರ ಅಫಿಡವಿಟ್ ಬೇಕು. ಮನೆಯವರು ಮಾಡಿದ ಅನುವಾದವನ್ನು ಒಪ್ಪುವುದಿಲ್ಲ.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ತೊಡಕು ಜಾಸ್ತಿ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಆಧಾರ್‌ನಲ್ಲಿ ಇನಿಷಿಯಲ್, ಮದುವೆ ಪತ್ರದಲ್ಲಿ ತಂದೆಯ ಹೆಸರು. ಸರ್‌ನೇಮ್ ಇಲ್ಲದವರು ಪೂರ್ತಿ ಹೆಸರನ್ನು ಕುಟುಂಬದ ಹೆಸರಿನ ಜಾಗದಲ್ಲಿ ಬರೆದು ಗಿವನ್ ನೇಮ್ ಜಾಗವನ್ನು ಖಾಲಿ ಬಿಡಬೇಕೆಂಬುದು ಕೆನಡಾ ವಲಸೆ ಇಲಾಖೆಯ ಸೂಚನೆ. ಪಾಸ್‌ಪೋರ್ಟ್‌ ಅವಧಿ ಮುಗಿಯುತ್ತಾ ಬಂದಿದ್ದರೆ ನವೀಕರಿಸಿ, ಹೊಸ ಸಂಖ್ಯೆಯನ್ನು ಇಲಾಖೆಯ ವೆಬ್‌ಫಾರ್ಮ್‌ ಮೂಲಕ ತಿಳಿಸಿ.

ಪೊಲೀಸ್ ಕ್ಲಿಯರೆನ್ಸ್, ಅಂದರೆ ಪಿಸಿಸಿ, ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಸಿಗುತ್ತದೆ. ಲಾಲ್‌ಬಾಗ್ ರಸ್ತೆ ಇಲ್ಲವೇ ಮಾರತ್‌ಹಳ್ಳಿಯ ಕೇಂದ್ರಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬಹುದು. 18 ವರ್ಷ ತುಂಬಿದ ಮೇಲೆ, ಕಳೆದ 10 ವರ್ಷಗಳಲ್ಲಿ ಸತತ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಇದ್ದ ಬೇರೆ ದೇಶಗಳದ್ದೂ ಬೇಕಾಗುತ್ತದೆ. ದುಬೈ, ರಿಯಾದ್‌ಗಳಲ್ಲಿ ದುಡಿದು ಬಂದವರು ಈ ಬಡಾವಣೆಯಲ್ಲಿ ಬಹಳ. ಅವರು ಆ ದೇಶದ ಪತ್ರಕ್ಕೆ ಬೇಗನೆ ಓಡಾಟ ಶುರು ಮಾಡಬೇಕು.

ಇಲಾಖೆಯಿಂದ ಪತ್ರ ಬಂದಾಗ ತಡಮಾಡಬೇಡಿ. ಬಯೊಮೆಟ್ರಿಕ್ಸ್‌ಗೆ 30 ದಿನ, ಮೆಡಿಕಲ್‌ಗೂ 30 ದಿನ. ಮೆಡಿಕಲ್ ಅನ್ನು ಇಲಾಖೆ ಗುರುತಿಸಿದ ವೈದ್ಯರೇ ಮಾಡಬೇಕು, ಮನೆಯ ಡಾಕ್ಟರರ ವರದಿ ನಡೆಯದು. 2023ರ ಅಕ್ಟೋಬರ್‌ನಲ್ಲಿ ಕೆನಡಾ 41 ರಾಜತಾಂತ್ರಿಕರನ್ನು ಹಿಂದಕ್ಕೆ ಕರೆಸಿಕೊಂಡು, ಬೆಂಗಳೂರು ಸೇರಿ ಮೂರು ಕಾನ್ಸುಲೇಟ್‌ಗಳಲ್ಲಿ ನೇರ ಸೇವೆ ನಿಲ್ಲಿಸಿದಾಗ ಅನೇಕರು ಗಾಬರಿಯಾದರು. ಆಗಲೂ ವೀಸಾ ಅರ್ಜಿ ಕೇಂದ್ರಗಳು ಬಾಗಿಲು ಹಾಕಲಿಲ್ಲ. ಸುದ್ದಿ ನೋಡಿ ಗಡುವು ತಪ್ಪಿಸಿಕೊಳ್ಳಬೇಡಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಿರುವುದು ಮಕ್ಕಳ ವಿಷಯದಲ್ಲಿ. ಕಾಯುವಾಗ ಮಗು ಹುಟ್ಟಿದರೆ ತಕ್ಷಣ ಇಲಾಖೆಗೆ ತಿಳಿಸಲೇಬೇಕು. ಮೊದಲ ಮದುವೆಯ ಮಗು ತಾಯಿಯ ಬಳಿಯೋ ಅಜ್ಜಿಯ ಬಳಿಯೋ ಇದ್ದು, ನಿಮ್ಮ ಜೊತೆ ಹೊರಡದಿದ್ದರೂ ಅರ್ಜಿಯಲ್ಲಿ ಅದರ ಹೆಸರಿರಬೇಕು, ಮೆಡಿಕಲ್ ಆಗಬೇಕು. ಹೊಸ ಸಂಬಂಧದವರ ಮುಂದೆ ಮುಜುಗರವೆಂದು ಇದನ್ನು ಮುಚ್ಚಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಿಆರ್, ಅಂದರೆ ಕಾಯಂ ವಾಸದ ಹಕ್ಕು, ಸಿಗುವ ಮುನ್ನ ತಿಳಿಸದ ಮಗುವನ್ನು ಮುಂದೆ ಕರೆಸಿಕೊಳ್ಳಲು ಅಲ್ಲಿನ ವಲಸೆ ನಿಯಮ 117(9)(ಡಿ) ಅಡ್ಡ ಬರುತ್ತದೆ. 2019ರಲ್ಲಿ ಕೆಲವರಿಗೆ ವಿನಾಯಿತಿ ತಂದರೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಸ್ಪಾನ್ಸರ್ ಮಾಡುವವರು ಕೆನಡಾದಲ್ಲೇ ಹುಟ್ಟಿದ ಅಥವಾ ಅಲ್ಲಿ ಪೌರತ್ವ ಪಡೆದ ಪ್ರಜೆಯಾಗಿದ್ದರೆ, ಆ ನಂತರ ಇಲ್ಲಿ ಹುಟ್ಟುವ ಮಗು ಸಾಮಾನ್ಯವಾಗಿ ಹುಟ್ಟಿನಿಂದಲೇ ಕೆನಡಾ ಪ್ರಜೆ. ಆ ಮಗುವಿಗೆ ಪೌರತ್ವ ಪ್ರಮಾಣಪತ್ರ ಕೇಳಬೇಕು, ಪಿಆರ್ ಅಲ್ಲ.

ಸ್ಪಾನ್ಸರ್ ಬರೀ ಪಿಆರ್ ಆಗಿದ್ದರೆ ಕೆನಡಾದಲ್ಲೇ ವಾಸವಿರಬೇಕು. ನಾಲ್ಕು ದಿನ ಬಂದುಹೋಗಬಹುದು. ‘ವರ್ಕ್ ಫ್ರಂ ಹೋಮ್’ ಎಂದು ಇಲ್ಲೇ ತಿಂಗಳುಗಟ್ಟಲೆ ನೆಲೆಸಿದರೆ ಅರ್ಜಿಗೇ ಕುತ್ತು. ಇಲ್ಲಿರುವವರು ವಿಸಿಟರ್ ವೀಸಾ ಕೇಳಲು ಅಡ್ಡಿಯಿಲ್ಲ. ಅಲ್ಲಿ ನೆಲೆಸುವ ಉದ್ದೇಶ ಇರುವುದೊಂದೇ ಅದನ್ನು ನಿರಾಕರಿಸಲು ಕಾರಣವಾಗದು ಎಂದು ಕಾನೂನು ಹೇಳುತ್ತದೆ. ಆದರೆ ಅವಧಿ ಮುಗಿದಾಗ ವಾಪಸಾಗುವಿರೆಂದು ಅಧಿಕಾರಿಗೆ ಮನವರಿಕೆಯಾಗಬೇಕು.

ಮದುವೆ ನಿಜವಾದದ್ದೇ ಎಂಬ ಸಾಕ್ಷ್ಯ ಮಂಟಪದ ಫೋಟೊಗಳೊಂದಿಗೆ ಮುಗಿಯುವುದಿಲ್ಲ. ಕರೆಗಳ ವಿವರ, ಕಳಿಸಿದ ಹಣದ ಬ್ಯಾಂಕ್ ದಾಖಲೆ, ಬೋರ್ಡಿಂಗ್ ಪಾಸ್, ನಾಮಿನಿ ಮಾಡಿಸಿದ ವಿಮೆ, ಹಬ್ಬದಲ್ಲಿ ಅತ್ತೆ ಮಾವನ ಜೊತೆ ತೆಗೆಸಿಕೊಂಡ ಚಿತ್ರ, ಇವನ್ನೆಲ್ಲ ತಿಂಗಳು ತಿಂಗಳೂ ಒಂದೆಡೆ ಸೇರಿಸಿಡಿ. ಸಂದರ್ಶನಕ್ಕೆ ಕರೆದರೆ ಇವೇ ಆಸರೆ.

ಬೇಗ ಮಾಡಿಸಿಕೊಡುತ್ತೇನೆ ಎನ್ನುವ ಏಜೆಂಟರಿಗೆ ಲಾಗಿನ್ ಪಾಸ್‌ವರ್ಡ್ ಕೊಡಬೇಡಿ. ದುಡ್ಡು ಪಡೆದು ಸಲಹೆ ಕೊಡಲು ಕೆನಡಾದ ಪರವಾನಗಿ ಪಡೆದ ವಕೀಲರು, ಅಲ್ಲಿ ನೋಂದಾಯಿತ ಸಲಹೆಗಾರರಂಥವರಿಗೆ ಮಾತ್ರ ಅಧಿಕಾರ. ಏಜೆಂಟರ ಹೆಸರು ಅಂಥವರ ಅಧಿಕೃತ ಪಟ್ಟಿಯಲ್ಲಿದೆಯೇ ಎಂದು ನೀವೇ ನೋಡಬಹುದು. ಕಡತ ಎಲ್ಲಿ ನಿಂತಿದೆ ಎಂದು ತಿಳಿಯಲು ನಿಮ್ಮ ಒಪ್ಪಿಗೆ ಪತ್ರ ಇಟ್ಟು ಸ್ಪಾನ್ಸರ್ ಅವರೇ 5 ಡಾಲರ್ ಕಟ್ಟಿ ಅಲ್ಲಿನ ಮಾಹಿತಿ ಹಕ್ಕಿನಡಿ ಟಿಪ್ಪಣಿಗಳನ್ನು ಕೇಳಬಹುದು.

ಪಾಸ್‌ಪೋರ್ಟ್ ಕಳಿಸಿ ಎಂಬ ಸೂಚನೆ ಬಂದು, ವೀಸಾ ಕೈಸೇರುವ ತನಕ ಕೆಲಸಕ್ಕೆ ರಾಜೀನಾಮೆ ಬೇಡ, ಟಿಕೆಟ್ ಬೇಡ. ವೀಸಾದ ಕೊನೆಯ ದಿನ ಸಾಮಾನ್ಯವಾಗಿ ಮೆಡಿಕಲ್‌ನ 12 ತಿಂಗಳ ಅವಧಿ, ಪಾಸ್‌ಪೋರ್ಟ್ ಅವಧಿ ಇವೆರಡರಲ್ಲಿ ಮೊದಲು ಮುಗಿಯುವುದಕ್ಕೆ ಹೊಂದಿರುತ್ತದೆ. ಅದನ್ನು ವಿಸ್ತರಿಸುವುದಿಲ್ಲವಾದ್ದರಿಂದ ಆ ದಿನಾಂಕದೊಳಗೆ ಅಲ್ಲಿ ಇಳಿದಿರಬೇಕು.