ಫೈಟರ್ ಕಾಲು ಮುರಿದರೆ ಮನೆ ಖರ್ಚು ಯಾರದು?

2016ರ ನವೆಂಬರ್ 7ರಂದು ‘ಮಾಸ್ತಿ ಗುಡಿ’ ಚಿತ್ರಕ್ಕಾಗಿ ಹೆಲಿಕಾಪ್ಟರ್‌ನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದ ಅನಿಲ್ ಮತ್ತು ಉದಯ್ ಮತ್ತೆ ದಡ ಸೇರಲಿಲ್ಲ. 2021ರ ಆಗಸ್ಟ್‌ನಲ್ಲಿ ಬಿಡದಿ ಹತ್ತಿರ ‘ಲವ್ ಯೂ ರಚ್ಚು’ ಚಿತ್ರೀಕರಣದಲ್ಲಿ ಫೈಟರ್ ವಿವೇಕ್ ವಿದ್ಯುತ್ ತಗುಲಿ ತೀರಿಕೊಂಡರು. ಜೀವ ಹೋದಾಗ ಪೊಲೀಸರೂ ಬರುತ್ತಾರೆ, ಟಿವಿಯವರೂ ಬರುತ್ತಾರೆ. ಮಂಡಿಯ ಲಿಗಮೆಂಟ್ ಹರಿದು ಆರು ತಿಂಗಳು ಮನೆಯಲ್ಲಿ ಕೂತ ಫೈಟರ್‌ನ ಬಾಗಿಲಿಗೆ ಯಾರೂ ಬರುವುದಿಲ್ಲ. ಶೂಟಿಂಗ್ ಇದ್ದ ದಿನ ಮಾತ್ರ ದುಡ್ಡು ಕಾಣುವ ಕೆಲಸ ಅದು.

ಕೊಯಮತ್ತೂರು ಜಿಲ್ಲೆಯ ಕಾರಮಡೈ, ಮೆಟ್ಟುಪಾಳಯದ ಕಡೆ ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡ ಕುಟುಂಬಗಳು ಬಹಳ ಇವೆ. ಇಲ್ಲಿನ ಹುಡುಗ ಬೆಂಗಳೂರಿಗೋ ಹೈದರಾಬಾದಿಗೋ ಫೈಟರ್ ಆಗಿ ಹೋಗಿ ಪೆಟ್ಟು ತಿಂದು ಬಂದರೆ, ಪರಿಹಾರಕ್ಕಾಗಿ ಆ ಊರಿಗೇ ಅಲೆಯಬೇಕಿಲ್ಲ. ಅಪಘಾತ ನಡೆದ ಜಾಗದಲ್ಲಿ ಹಾಕಬಹುದಾದ ಅರ್ಜಿಯನ್ನು ತಾನು ವಾಸವಿರುವ ಜಿಲ್ಲೆಯಲ್ಲೂ, ಅಂದರೆ ಕೊಯಮತ್ತೂರಿನಲ್ಲೇ, ಕಾರ್ಮಿಕ ಪರಿಹಾರದ ಅಧಿಕಾರಿಯ ಮುಂದೆ ಹಾಕಬಹುದು. ಗಡುವು ಎರಡು ವರ್ಷ.

ಸಿನಿಮಾ ತಯಾರಿಕೆಯ ಕೆಲಸಗಾರರು 1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲೇ ಇದ್ದರು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಈ ಹಕ್ಕು ಅದರಲ್ಲೂ ಮುಂದುವರಿದಿದೆ. ಫೈಟ್ ಮಾಸ್ಟರ್ ಕರೆದುಕೊಂಡು ಹೋಗಿದ್ದ, ನಿರ್ಮಾಪಕರ ಮುಖವನ್ನೇ ನೋಡಿಲ್ಲ ಎಂದರೂ ಅಡ್ಡಿಯಿಲ್ಲ. ಗುತ್ತಿಗೆದಾರನ ಮೂಲಕ ದುಡಿದವನಿಗೂ ಕೆಲಸ ಮಾಡಿಸಿಕೊಂಡ ನಿರ್ಮಾಪಕರೇ ಹೊಣೆ. “ಏನಾದರೂ ಆದರೆ ನಾನೇ ಜವಾಬ್ದಾರ” ಎಂದು ಸೆಟ್ಟಿನಲ್ಲಿ ಸಹಿ ಹಾಕಿಸಿಕೊಂಡಿದ್ದಾರೆಂದು ಎಷ್ಟೋ ಮಂದಿ ಹೆದರಿ ಸುಮ್ಮನಾಗುತ್ತಾರೆ. ಹೆದರಬೇಡಿ. ಈ ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಕಾನೂನಿನ ಮುಂದೆ ನಿಲ್ಲುವುದಿಲ್ಲ.

ಮನೆಯಲ್ಲಿ ಕೂತಷ್ಟು ಕಾಲ ಹದಿನೈದು ದಿನಕ್ಕೊಮ್ಮೆ ತಿಂಗಳ ಕೂಲಿಯ ಶೇ. 25ರಷ್ಟು ಸಿಗಬೇಕು. ಚಿಕಿತ್ಸೆಗೆ ನಿಜವಾಗಿ ತಗುಲಿದ ಖರ್ಚು ಬೇರೆ. ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಗೆ 2020ರಲ್ಲಿ ಕೇಂದ್ರ ಸರ್ಕಾರ ₹15,000ದ ಮಿತಿ ಹಾಕಿತು. ಆ ಪ್ರಕಾರ ತಿಂಗಳಿಗೆ ಹೆಚ್ಚೆಂದರೆ ₹7,500. ಒಂದು ಸಂಸಾರಕ್ಕೆ ಇದು ಏನೇನೂ ಸಾಲದು, ಆ ಮಿತಿ ಏರಲೇಬೇಕು. ಆದರೂ ಬರಬೇಕಾದದ್ದನ್ನು ಬಿಡಬಾರದು. ಒಂದು ತಿಂಗಳಾದರೂ ಕೊಡದಿದ್ದರೆ ಬಡ್ಡಿ ಸೇರುತ್ತದೆ, ಸರಿಯಾದ ಕಾರಣವಿಲ್ಲದೆ ತಡಮಾಡಿದರೆ ದಂಡವೂ ಬೀಳಬಹುದು.

ಕಾಲು ಮೊದಲಿನಂತಾಗುವುದೇ ಇಲ್ಲ ಎಂದಾದರೆ ದೊಡ್ಡ ಮೊತ್ತದ ಪ್ರಶ್ನೆ ಏಳುತ್ತದೆ. ಚಿತ್ರಮಂದಿರವೊಂದರ ಅಲಂಕಾರದ ಕೆಲಸದಲ್ಲಿದ್ದ ಬಡಗಿಯೊಬ್ಬರು 1968ರಲ್ಲಿ ಬಿದ್ದು ಎಡಗೈ ಕಳೆದುಕೊಂಡರು. ಇನ್ನೊಂದು ಕೈ ಇದೆಯಲ್ಲ ಎಂಬುದು ಮಾಲೀಕರ ವಾದ. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗದು, ಆದ್ದರಿಂದ ದುಡಿಯುವ ಶಕ್ತಿ ಪೂರ್ತಿ ಹೋದಂತೆಯೇ ಎಂದಿತು ಸುಪ್ರೀಂ ಕೋರ್ಟ್. ಈ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣವೆಂದರೆ ಕಾರ್ಮಿಕ ವಕೀಲರಿಗೆಲ್ಲ ಗೊತ್ತು. ಓಡಲು, ಜಿಗಿಯಲು ಆಗದ ಮಂಡಿ ಫೈಟರ್‌ಗೆ ಎಷ್ಟು ನಷ್ಟ ಎಂದು ವಾದಿಸುವಾಗ ಈ ತೀರ್ಪನ್ನು ಮುಂದಿಡಬೇಕು. ವೈದ್ಯರ ಪ್ರಮಾಣಪತ್ರದಲ್ಲಿ ‘ಮಂಡಿಗೆ ಗಾಯ’ ಎಂದಷ್ಟೇ ಇದ್ದರೆ ಸಾಲದು, ಯಾವ ಕೆಲಸ ಇನ್ನು ಮಾಡಲಾಗದು ಎಂಬುದೂ ಬರಲಿ.

ಆಸ್ಪತ್ರೆಯಲ್ಲಿ ಕೇಳಿದಾಗ “ಬೈಕಿನಿಂದ ಬಿದ್ದೆ” ಎನ್ನಲು ಸೆಟ್ಟಿನವರು ಹೇಳಿಕೊಟ್ಟರೆ ಒಪ್ಪಲೇಬೇಡಿ. ಅಲ್ಲಿ ಬರೆಸಿದ ಮೊದಲ ಸಾಲೇ ಕೊನೆವರೆಗೆ ಬೆನ್ನು ಹತ್ತುತ್ತದೆ. ಅಪಘಾತ ದಾಖಲೆಯ ಪ್ರತಿ, ಡಿಸ್ಚಾರ್ಜ್ ಚೀಟಿ, ಕಾಲ್‌ಶೀಟ್‌ನ ವಾಟ್ಸಾಪ್ ಸಂದೇಶ, ದುಡ್ಡು ಬಂದ ಯುಪಿಐ ದಾಖಲೆ, ಯೂನಿಯನ್ ಕಾರ್ಡ್ ಎಲ್ಲವನ್ನೂ ತೆಗೆದಿಡಿ. ಹಗ್ಗ, ಹಾರ್ನೆಸ್ ಸರಿಯಿರಲಿಲ್ಲವಾದರೆ ಅದರ ಫೋಟೊ ಮುಖ್ಯ. ರಕ್ಷಣಾ ಸಾಧನವನ್ನು ಕೆಲಸಗಾರನೇ ಬೇಕೆಂದು ತೆಗೆದ ಎಂದು ಸಾಬೀತಾದರೆ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯದ ಹೊರತು ಪರಿಹಾರ ತಪ್ಪಿಹೋಗುತ್ತದೆ. ಕುಡಿದಿದ್ದ ಎಂದು ಸಾಬೀತಾದರೂ ಹಾಗೆಯೇ.

ವಿಮೆಯ ವಿಷಯದಲ್ಲೊಂದು ಎಚ್ಚರಿಕೆ. ವರ್ಷಕ್ಕೆ ₹20 ಕಟ್ಟುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ, ಹರಿದ ಲಿಗಮೆಂಟಿಗೆ ಅಲ್ಲ. ಕೆಲಸವಿಲ್ಲದ ವಾರಗಳಿಗೂ ಹಣ ಕೊಡುವ ಅಪಘಾತ ಪಾಲಿಸಿಗಳಿವೆ. ಆದರೆ ಸ್ಟಂಟ್ ನನ್ನ ವೃತ್ತಿ ಎಂದು ಅರ್ಜಿಯಲ್ಲಿ ಬರೆದು, ಅದನ್ನು ಒಪ್ಪುವ ಪಾಲಿಸಿಯನ್ನೇ ಕೊಳ್ಳಬೇಕು. ಮುಚ್ಚಿಟ್ಟರೆ ಹಣ ಕೇಳುವಾಗ ತಿರಸ್ಕರಿಸಬಹುದು.

ವಕೀಲರಿಗೆ ಕೊಡಲು ದುಡ್ಡಿಲ್ಲದವರು 15100ಕ್ಕೆ ಕರೆ ಮಾಡಿ, ಇಲ್ಲವೇ ಕೊಯಮತ್ತೂರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಉಚಿತ ನೆರವು ಕೇಳಿ. ಅಂಗವಿಕಲರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಇದಕ್ಕೆ ಆದಾಯದ ಮಿತಿಯಿಲ್ಲ.