ತತ್ತ್ವಶಾಸ್ತ್ರದ ವ್ಯಾಸಂಗ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ವಿಜಯನಗರವನ್ನು ಹಿಂದೆ ಬಿಟ್ಟು ಮೈಸೂರು ರಸ್ತೆಯಲ್ಲಿ ಕೆಂಗೇರಿಯತ್ತ ಸಾಗುವವರಿಗೆ ಜ್ಞಾನಭಾರತಿಯೆಂಬ ವಿಶಾಲವಾದ ಆವರಣವೊಂದು ಎದುರಾಗುತ್ತದೆ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯದ ನೆಲೆ ಇದು. ವಿಜ್ಞಾನ, ವಾಣಿಜ್ಯ, ಸಾಹಿತ್ಯ ಮೊದಲಾದ ವಿಷಯಗಳೊಡನೆ ತತ್ತ್ವಶಾಸ್ತ್ರಕ್ಕೂ ಇಲ್ಲಿ ಸ್ಥಾನವುಂಟು. ಆದರೆ ಸುತ್ತಲಿನ ರಾಜಾಜಿನಗರ, ಬಸವೇಶ್ವರನಗರಗಳ ಮನೆಗಳಲ್ಲಿ ಮಕ್ಕಳ ಮುಂದಿನ ಓದಿನ ಮಾತು ಬಂದಾಗ ಈ ವಿಷಯದ ಹೆಸರು ಕೇಳಿಬರುವುದು ಅಪರೂಪ. ಯಾರಾದರೂ ಅದನ್ನು ಎತ್ತಿದರೆ, “ಅದನ್ನು ಓದಿ ಏನಾಗುತ್ತೀಯೆ?” ಎಂಬ ಪ್ರಶ್ನೆ ಹಿರಿಯರಿಂದ ಒಡನೆಯೇ ಬರುತ್ತದೆ. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ’ ಎಂಬ ಗಾದೆಯನ್ನು ನೆನಪಿಸುವವರೂ ಉಂಟು.

ಹಿರಿಯರ ಈ ಪ್ರಶ್ನೆಯನ್ನು ತಾತ್ಸಾರ ಮಾಡುವಂತಿಲ್ಲ. ವೈದ್ಯಶಾಸ್ತ್ರವನ್ನು ಓದಿದವರು ವೈದ್ಯರಾಗುತ್ತಾರೆ; ಕಾನೂನನ್ನು ಓದಿದವರು ವಕೀಲರಾಗುತ್ತಾರೆ. ತತ್ತ್ವಶಾಸ್ತ್ರವನ್ನು ಓದಿದವರಿಗೆ ಅಂತಹ ಒಂದು ನಿಶ್ಚಿತವಾದ ವೃತ್ತಿಯ ಹೆಸರಿಲ್ಲ. ಹಾಗಾದರೆ ಆ ವ್ಯಾಸಂಗದಿಂದ ದೊರೆಯುವುದೇನು? ಅದು ನಮ್ಮನ್ನು ಎಲ್ಲಿಗೆ ಕೊಂಡೊಯ್ಯಬಲ್ಲುದು? ಇದನ್ನು ತಿಳಿಯಬೇಕಾದರೆ ಆ ಶಾಸ್ತ್ರದಲ್ಲಿ ಏನನ್ನು ಕಲಿಸುತ್ತಾರೆಂಬುದನ್ನು ಮೊದಲು ನೋಡಬೇಕು.

ತತ್ತ್ವಶಾಸ್ತ್ರವು ಮೂಲಭೂತವಾದ ಪ್ರಶ್ನೆಗಳ ಶಾಸ್ತ್ರ. ಈ ಜಗತ್ತು ನಿಜವಾಗಿ ಎಂತಹುದು? ನಾವು ತಿಳಿದಿದ್ದೇವೆಂದು ಹೇಳುವುದಕ್ಕೆ ಆಧಾರವೇನು? ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು? ಈ ಮೂರು ಬಗೆಯ ಪ್ರಶ್ನೆಗಳನ್ನು ಕ್ರಮವಾಗಿ ತತ್ತ್ವಮೀಮಾಂಸೆ, ಜ್ಞಾನಮೀಮಾಂಸೆ ಮತ್ತು ನೀತಿಶಾಸ್ತ್ರಗಳು ವಿಚಾರಮಾಡುತ್ತವೆ. ಪದವಿ ತರಗತಿಯಲ್ಲಿ ಇವುಗಳೊಡನೆ ಭಾರತೀಯ ದರ್ಶನಗಳನ್ನೂ ಪಾಶ್ಚಾತ್ಯ ತತ್ತ್ವಜ್ಞಾನದ ಇತಿಹಾಸವನ್ನೂ ಓದುತ್ತಾರೆ. ಇವೆಲ್ಲಕ್ಕೂ ಉಪಕರಣವಾಗಿರುವುದು ತರ್ಕಶಾಸ್ತ್ರ. ನಮ್ಮ ರಾಜ್ಯದಲ್ಲಿ ಪದವಿಪೂರ್ವ ಹಂತದಲ್ಲಿಯೇ ತರ್ಕಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳಬಹುದು.

ತರ್ಕಶಾಸ್ತ್ರದ ಕೆಲಸ ಹೇಗಿರುತ್ತದೆಂಬುದಕ್ಕೆ ನಮ್ಮ ನ್ಯಾಯದರ್ಶನದ ಪ್ರಸಿದ್ಧ ನಿದರ್ಶನವೊಂದನ್ನು ನೋಡೋಣ. ದೂರದ ಬೆಟ್ಟದಲ್ಲಿ ಹೊಗೆಯನ್ನು ಕಂಡವನು ಅಲ್ಲಿ ಬೆಂಕಿಯಿದೆಯೆಂದು ಊಹಿಸುತ್ತಾನೆ. ಈ ಊಹೆಯನ್ನು ಇನ್ನೊಬ್ಬನಿಗೆ ಮನಗಾಣಿಸಬೇಕಾದರೆ ಐದು ಹೆಜ್ಜೆಗಳನ್ನು ಇಡಬೇಕು. ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ಪ್ರತಿಜ್ಞೆ. ಹೊಗೆ ಇರುವುದರಿಂದ ಎಂಬುದು ಹೇತು. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಅಡುಗೆಮನೆಯಲ್ಲಿರುವಂತೆ ಎಂಬುದು ಉದಾಹರಣೆ. ಈ ಬೆಟ್ಟದಲ್ಲಿಯೂ ಅಂತಹ ಹೊಗೆಯಿದೆ ಎಂಬುದು ಉಪನಯ. ಆದುದರಿಂದ ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ನಿಗಮನ.

ಇಷ್ಟು ಸರಳವಾದ ವಿಷಯಕ್ಕೆ ಐದು ಹೆಜ್ಜೆಗಳೇಕೆ ಎಂದು ನಿಮಗೆ ಅನ್ನಿಸಬಹುದು. ತಪ್ಪು ಯಾವ ಹೆಜ್ಜೆಯಲ್ಲಿ ನುಸುಳಿತೆಂಬುದನ್ನು ಕಂಡುಹಿಡಿಯುವುದಕ್ಕೆ ಈ ವಿಂಗಡಣೆ ಬೇಕು. ಬೆಟ್ಟದ ಮೇಲೆ ಕಂಡದ್ದು ಹೊಗೆಯಲ್ಲದೆ ಮುಂಜಾನೆಯ ಮಂಜೇ ಆಗಿದ್ದರೆ ಹೇತುವೇ ಕುಸಿದುಬೀಳುತ್ತದೆ. ಇನ್ನು ಹೊಗೆಯಿದ್ದಲ್ಲಿ ಬೆಂಕಿ ಇರುವುದೆಂಬ ನಿಯಮವನ್ನು ತಿರುಗಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆ ಇರಲೇಬೇಕೆಂದರೆ ಅದೂ ತಪ್ಪು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ.

ನಿತ್ಯಜೀವನದಲ್ಲಿ ಇಂತಹ ತಪ್ಪುಗಳು ನಮ್ಮನ್ನು ಎಷ್ಟೋ ಸಲ ಮೋಸಗೊಳಿಸುತ್ತವೆ. ಮೊದಲ ಹತ್ತು ಸ್ಥಾನಗಳನ್ನು ಪಡೆದವರೆಲ್ಲರೂ ನಮ್ಮಲ್ಲಿ ಕಲಿತವರೇ ಎಂದು ಒಂದು ಮನೆಪಾಠದ ಕೇಂದ್ರ ಜಾಹೀರಾತು ಹಾಕಿತೆನ್ನಿ. ಅದನ್ನು ಓದಿದವರು, ಅಲ್ಲಿ ಕಲಿತವರೆಲ್ಲರೂ ಮೇಲಿನ ಸ್ಥಾನ ಪಡೆಯುತ್ತಾರೆಂದು ಭಾವಿಸಿ ಹಣ ಕಟ್ಟುತ್ತಾರೆ. ಆದರೆ ಅಲ್ಲಿ ಕಲಿತೂ ಅನುತ್ತೀರ್ಣರಾದವರು ಎಷ್ಟು ಮಂದಿಯೆಂಬುದನ್ನು ಜಾಹೀರಾತು ಹೇಳಿಲ್ಲ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಜನರ ಗಾದೆ ಕಲಿಸುವುದೂ ಈ ಎಚ್ಚರವನ್ನೇ. ತತ್ತ್ವಶಾಸ್ತ್ರದ ವ್ಯಾಸಂಗದಿಂದ ದೊರೆಯುವ ಮೊದಲ ಫಲ ಇದು: ಒಂದು ಮಾತನ್ನು, ಅದು ತನ್ನದೇ ಆಗಿದ್ದರೂ, ಪರೀಕ್ಷಿಸದೆ ಒಪ್ಪದಿರುವ ಅಭ್ಯಾಸ.

ಈ ವ್ಯಾಸಂಗಕ್ಕೆ ಕನ್ನಡ ನಾಡಿನಲ್ಲಿ ಉಜ್ಜ್ವಲವಾದ ಪರಂಪರೆಯಿದೆ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಆರಂಭವಾದ ಬಳಿಕ ಮಹಾರಾಜ ಕಾಲೇಜು ಅದರ ಕೇಂದ್ರವಾಯಿತು. ಪ್ರೊಫೆಸರ್ ಎಂ. ಹಿರಿಯಣ್ಣನವರು ಮೈಸೂರಿನ ವಿದ್ಯಾರ್ಥಿಗಳಿಗೆ ಹಲವು ವರ್ಷಗಳ ಕಾಲ ನೀಡಿದ ಉಪನ್ಯಾಸಗಳನ್ನು ಆಧರಿಸಿ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಗಳನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವೊಂದನ್ನು ರಚಿಸಿದರು. 1932ರಲ್ಲಿ ಪ್ರಕಟವಾದ ಆ ಗ್ರಂಥವು ದೇಶವಿದೇಶಗಳಲ್ಲಿ ಪಠ್ಯವಾಗಿ ಮನ್ನಣೆ ಪಡೆಯಿತು.

ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಇದೇ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರು ಈ ವಿಷಯವನ್ನು ಆರಿಸಿಕೊಂಡ ಬಗೆ ಸ್ವಾರಸ್ಯವಾದುದು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದುತ್ತಿದ್ದ ಬಡ ವಿದ್ಯಾರ್ಥಿ ರಾಧಾಕೃಷ್ಣನ್‌ಗೆ, ಅಲ್ಲಿಯೇ ಓದು ಮುಗಿಸಿದ್ದ ಬಂಧುವೊಬ್ಬರು ತಮ್ಮ ತತ್ತ್ವಶಾಸ್ತ್ರದ ಪುಸ್ತಕಗಳನ್ನು ಕೊಟ್ಟರು. ಹೊಸ ಪುಸ್ತಕ ಕೊಳ್ಳಲಾರದ ಬಡತನವೇ ಅವರ ದಾರಿಯನ್ನು ನಿರ್ಣಯಿಸಿತು. ಆ ದಾರಿ ಮೈಸೂರು, ಕಲ್ಕತ್ತ, ಆಕ್ಸ್‌ಫರ್ಡ್‌ಗಳನ್ನು ಹಾದು, 1962ರಲ್ಲಿ ಅವರನ್ನು ರಾಷ್ಟ್ರಪತಿ ಪದವಿಗೆ ಮುಟ್ಟಿಸಿತು.

ಎಸ್. ಎಲ್. ಭೈರಪ್ಪನವರ ಜೀವನವು ಮತ್ತೊಂದು ನಿದರ್ಶನ. ಹಾಸನ ಜಿಲ್ಲೆಯ ಸಂತೇಶಿವರದಲ್ಲಿ 1931ರಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನ ಬಾಯಿಗೆ ಒಪ್ಪಿಸಬೇಕಾಯಿತು. ಸಾವು ಎಂದರೇನು ಎಂಬ ಪ್ರಶ್ನೆ ಆ ಬಾಲಕನನ್ನು ಬಿಡದೆ ಕಾಡಿತು. ಅದೇ ಪ್ರಶ್ನೆ ಅವರನ್ನು ಮಹಾರಾಜ ಕಾಲೇಜಿನ ತತ್ತ್ವಶಾಸ್ತ್ರದ ತರಗತಿಗೆ ಕರೆತಂದಿತು. ಕಡುಬಡತನದಲ್ಲಿ ಓದಿ, ಎಂ.ಎ. ಪರೀಕ್ಷೆಯಲ್ಲಿ ಸುವರ್ಣಪದಕ ಪಡೆದು, ಸತ್ಯ ಮತ್ತು ಸೌಂದರ್ಯಗಳ ಸಂಬಂಧವನ್ನು ಕುರಿತು ಸಂಶೋಧನೆ ನಡೆಸಿ, ಅವರು ಅಧ್ಯಾಪಕ ವೃತ್ತಿಯನ್ನು ಕೈಗೊಂಡರು. ವೃತ್ತಿ ಅನ್ನ ಕೊಟ್ಟಿತು. ಪ್ರಶ್ನೆಗಳು ‘ವಂಶವೃಕ್ಷ’, ‘ಪರ್ವ’ ಮೊದಲಾದ ಕಾದಂಬರಿಗಳಾದವು. 2025ರಲ್ಲಿ ನಿಧನರಾಗುವವರೆಗೂ ಅವರು ನಾಡಿನ ಅತ್ಯಂತ ಹೆಚ್ಚು ಓದುಗರುಳ್ಳ ಲೇಖಕರಲ್ಲಿ ಒಬ್ಬರಾಗಿದ್ದರು.

ತತ್ತ್ವಶಾಸ್ತ್ರದ ದಾರಿ ಬೋಧನೆಗೂ ಸಾಹಿತ್ಯಕ್ಕೂ ಮಾತ್ರ ಸೀಮಿತವಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಮತ್ತು ಗಣಿತಗಳನ್ನು ಓದುತ್ತಿದ್ದ ಕ್ಲಾಡ್ ಶಾನನ್ ಎಂಬ ವಿದ್ಯಾರ್ಥಿ, ತತ್ತ್ವಶಾಸ್ತ್ರದ ತರಗತಿಯೊಂದರಲ್ಲಿ ಜಾರ್ಜ್ ಬೂಲ್‌ನ ತರ್ಕವನ್ನು ಕಲಿತನು. ಅದರಲ್ಲಿ ಪ್ರತಿಯೊಂದು ಹೇಳಿಕೆಗೂ ‘ಸತ್ಯ’, ‘ಅಸತ್ಯ’ ಎಂಬ ಎರಡೇ ಬೆಲೆಗಳು. ವಿದ್ಯುತ್ ಸ್ವಿಚ್ಚಿಗೂ ಎರಡೇ ಸ್ಥಿತಿಗಳು. ಇವೆರಡರ ಹೋಲಿಕೆಯನ್ನು ಗುರುತಿಸಿ ಶಾನನ್ 1937ರಲ್ಲಿ ಬರೆದ ಪ್ರಬಂಧವು ಇಂದಿನ ಗಣಕಯಂತ್ರಗಳ ಮಂಡಲಗಳಿಗೆ ತಳಹದಿಯಾಯಿತು.

ಇಂದು ಈ ಪದವಿಯನ್ನು ಪಡೆದವರ ಮುಂದೆ ಹಲವು ದಾರಿಗಳಿವೆ. ಕಾನೂನಿನಲ್ಲಿ ವಾದವನ್ನು ಕಟ್ಟುವುದೂ ಎದುರಾಳಿಯ ವಾದದ ಬಿರುಕನ್ನು ಕಾಣುವುದೂ ಮುಖ್ಯ. ಜ್ಞಾನಭಾರತಿಯ ನೆರೆಯ ನಾಗರಭಾವಿಯಲ್ಲಿಯೇ ರಾಷ್ಟ್ರೀಯ ಕಾನೂನು ಶಾಲೆ ಇದೆ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ತತ್ತ್ವಶಾಸ್ತ್ರವು ಒಂದು ಐಚ್ಛಿಕ ವಿಷಯ. 2013ರಿಂದ ಆ ಪರೀಕ್ಷೆಯಲ್ಲಿ ನೀತಿಶಾಸ್ತ್ರಕ್ಕೆ ಸಂಬಂಧಿಸಿದ ಪತ್ರಿಕೆಯೊಂದನ್ನು ಅಭ್ಯರ್ಥಿಗಳೆಲ್ಲರೂ ಬರೆಯಬೇಕು. ಪತ್ರಿಕೋದ್ಯಮ, ಸಮಾಜಸೇವೆ, ಸಂಶೋಧನೆಗಳೂ ಇವೆ. ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ನೈತಿಕ ಸಮಸ್ಯೆಗಳನ್ನೂ, ಯಂತ್ರಗಳಿಗೆ ಬುದ್ಧಿ ಕಲಿಸುವ ಕ್ಷೇತ್ರದಲ್ಲಿ ಹೊಣೆಗಾರಿಕೆಯ ಪ್ರಶ್ನೆಗಳನ್ನೂ ವಿವೇಚಿಸಬಲ್ಲವರು ಈಗ ಬೇಕಾಗಿದ್ದಾರೆ.

ಆದರೆ ಒಂದು ಮಾತನ್ನು ಮರೆಯಬಾರದು. ತತ್ತ್ವಶಾಸ್ತ್ರದ ಅಧ್ಯಾಪಕ ಹುದ್ದೆಗಳು ಹೆಚ್ಚಿಲ್ಲ. ಪದವಿ ಕೈಗೆ ಬಂದೊಡನೆ ಉದ್ಯೋಗ ಬಾಗಿಲಿಗೆ ಬರುವುದೂ ಇಲ್ಲ. ಆದುದರಿಂದ ಇದನ್ನು ಆರಿಸಿಕೊಳ್ಳುವವರು ಭಾಷೆಯನ್ನೋ, ಅರ್ಥಶಾಸ್ತ್ರವನ್ನೋ, ಕಾನೂನನ್ನೋ, ಗಣಿತವನ್ನೋ ಜೊತೆಗೆ ಶ್ರದ್ಧೆಯಿಂದ ಕಲಿಯುವುದು ಒಳ್ಳೆಯದು. ಮನೆಯವರ ಆತಂಕಕ್ಕೆ ಕೋಪದಿಂದಲ್ಲ, ಇಂತಹ ಸಿದ್ಧತೆಯಿಂದ ಉತ್ತರ ಕೊಡಬೇಕು.

ವೃತ್ತಿಗಳು ಕಾಲಕಾಲಕ್ಕೆ ಬದಲಾಗುತ್ತವೆ. ಕೆಲವು ಅಳಿದು ಹೊಸವು ಹುಟ್ಟುತ್ತವೆ. ಸರಿಯಾಗಿ ಪ್ರಶ್ನಿಸುವ, ತಾಳ್ಮೆಯಿಂದ ಆಲೋಚಿಸುವ, ತಪ್ಪೆಂದು ತಿಳಿದಾಗ ತಿದ್ದಿಕೊಳ್ಳುವ ಬುದ್ಧಿಗೆ ಯಾವ ಕಾಲದಲ್ಲಿಯೂ ಕೆಲಸವಿರುತ್ತದೆ. “ಅದನ್ನು ಓದಿ ಏನಾಗುತ್ತೀಯೆ?” ಎಂಬ ಪ್ರಶ್ನೆಗೆ ತತ್ತ್ವಶಾಸ್ತ್ರವು ಒಂದೇ ವೃತ್ತಿಯ ಹೆಸರನ್ನು ಹೇಳಲಾರದು, ಯಾವ ವೃತ್ತಿಯಲ್ಲಿದ್ದರೂ ವಿವೇಕದಿಂದ ನಡೆಯುವ ಮನುಷ್ಯನಾಗಲು ಅದು ನೆರವಾಗುತ್ತದೆ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಬೆಂಗಳೂರು ವಿಶ್ವವಿದ್ಯಾಲಯವು ಯಾವಾಗ ಸ್ಥಾಪನೆಯಾಯಿತು?
2. ಭೈರಪ್ಪನವರನ್ನು ಬಾಲ್ಯದಲ್ಲಿ ಕಾಡಿದ ಪ್ರಶ್ನೆ ಯಾವುದು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ರಾಧಾಕೃಷ್ಣನ್ ಅವರು ತತ್ತ್ವಶಾಸ್ತ್ರವನ್ನು ಆರಿಸಿಕೊಂಡುದು ಹೇಗೆ?
2. ಮನೆಪಾಠದ ಕೇಂದ್ರದ ಜಾಹೀರಾತಿನಲ್ಲಿರುವ ತರ್ಕದೋಷವನ್ನು ವಿವರಿಸಿರಿ.

ಇ. ಪ್ರಯೋಗ
ನೀವು ಇತ್ತೀಚೆಗೆ ಕೇಳಿದ ಒಂದು ಮಾತನ್ನು ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನಗಳಾಗಿ ವಿಂಗಡಿಸಿ ಬರೆಯಿರಿ. ಅದರಲ್ಲಿ ದೋಷವಿದ್ದರೆ ಯಾವ ಹೆಜ್ಜೆಯಲ್ಲಿದೆಯೆಂದು ತೋರಿಸಿರಿ.